ಒಲೆಯ ಕಾವು ಜೆಟ್ಟಿನ ತೂತಿನಲ್ಲಿದೆ

ಶಿರಸಿ, ಸಿದ್ದಾಪುರದ ಕಡೆಯ ಎಷ್ಟೋ ಅಡುಗೆಮನೆಗಳಲ್ಲಿ ಗೋಬರ್ ಗ್ಯಾಸಿನ ಒಲೆ, ಸಿಲಿಂಡರಿನ ಒಲೆ ಅಕ್ಕಪಕ್ಕದಲ್ಲೇ ಇರುತ್ತವೆ. ನೋಡಲು ಎರಡೂ ಒಂದೇ ಥರ. ಆದರೂ ಸಿಲಿಂಡರಿನ ಒಲೆಗೆ ಗೋಬರ್ ಗ್ಯಾಸಿನ ಪೈಪು ಸಿಕ್ಕಿಸಿದರೆ ಕಾವು ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಐದಾರು ನಿಮಿಷಕ್ಕೆ ಒಂದು ಲೀಟರ್ ನೀರು ಕುದಿಸುತ್ತಿದ್ದ ಒಲೆ ಅರ್ಧ ಗಂಟೆಯಾದರೂ ಕುದಿ ತರುವುದಿಲ್ಲ. ನಾಬನ್ನು ಪೂರ್ತಿ ತಿರುಗಿಸಿಟ್ಟರೂ ಪ್ರಯೋಜನವಿಲ್ಲ. ನಾಬ್ ಕಾವನ್ನು ಕಡಿಮೆ ಮಾಡಬಲ್ಲದು, ಅಷ್ಟೆ. ಒಲೆಯ ಗರಿಷ್ಠ ಕಾವನ್ನು ತೀರ್ಮಾನಿಸುವುದು ಜೆಟ್.

ಬರ್ನರಿನ ಕೊಳವೆಯ ಬಾಯಲ್ಲಿ ಕೂತಿರುವ, ಬಟಾಣಿ ಗಾತ್ರದ ಹಿತ್ತಾಳೆ ತುಂಡು ಅದು. ನಡುವೆ ಒಂದು ಸಣ್ಣ ತೂತು. ಸಿಲಿಂಡರಿನ ಒಲೆಯಲ್ಲಿ ಆ ತೂತಿನ ಅಡ್ಡಳತೆ 0.70 ಮಿ.ಮೀ. ಇದೆ ಎಂದುಕೊಳ್ಳಿ. ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್. ಅಷ್ಟಕ್ಕೇ ಗ್ಯಾಸು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಚಿಮ್ಮುತ್ತದೆ, ಅಂದರೆ ಗಂಟೆಗೆ 180 ಕಿ.ಮೀ. ಆ ರಭಸಕ್ಕೆ ಪಕ್ಕದ ಕಿಂಡಿಯಿಂದ ಗಾಳಿ ಒಳಗೆ ಎಳೆದುಕೊಂಡು ಬಂದು ಕೊಳವೆಯಲ್ಲಿ ಬೆರೆಯುತ್ತದೆ. ಇಷ್ಟು ಗ್ಯಾಸಿನಿಂದ ಸಿಗುವ ಕಾವು ಸುಮಾರು 1.7 ಕಿಲೋವ್ಯಾಟ್.

ಗ್ಯಾಸು ಬದಲಾದಾಗ ಅದರ ಕ್ಯಾಲೊರಿ ಮೌಲ್ಯವೊಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಅದೇ ಒತ್ತಡ, ಅದೇ ತೂತು ಇದ್ದರೂ ಹಗುರವಾದ ಗ್ಯಾಸು ಹೆಚ್ಚು ನುಗ್ಗುತ್ತದೆ, ಭಾರವಾದದ್ದು ಕಡಿಮೆ. ಅದಕ್ಕೇ ಒಂದು ಘನ ಮೀಟರ್ ಗ್ಯಾಸಿನ ಶಾಖವನ್ನು, ಗಾಳಿಗೆ ಹೋಲಿಸಿದ ಅದರ ಸಾಂದ್ರತೆಯ ವರ್ಗಮೂಲದಿಂದ ಭಾಗಿಸುತ್ತಾರೆ. ಬರುವ ಸಂಖ್ಯೆಗೆ ವೊಬ್ಬೆ ಸೂಚ್ಯಂಕ ಎಂದು ಹೆಸರು. ಸಿಲಿಂಡರಿನಲ್ಲಿರುವುದು ಬ್ಯೂಟೇನ್ ಮತ್ತು ಪ್ರೊಪೇನಿನ ಮಿಶ್ರಣ. ಮೆಗಾಜೌಲ್ ಲೆಕ್ಕದಲ್ಲಿ ಬ್ಯೂಟೇನಿಗೆ ಈ ಸೂಚ್ಯಂಕ ಸುಮಾರು 88, ಪ್ರೊಪೇನಿಗೆ 77, ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ 50. ಶೇ. 60 ಮೀಥೇನ್ ಇರುವ ಗೋಬರ್ ಗ್ಯಾಸಿಗೆ ಬರೀ 23.

ಕಾವು ಅಷ್ಟೇ ಉಳಿಯಬೇಕಾದರೆ ತೂತನ್ನು ಎಷ್ಟು ದೊಡ್ಡದು ಮಾಡಬೇಕು ಎಂಬುದನ್ನು ಇದರಿಂದಲೇ ಲೆಕ್ಕ ಹಾಕಬಹುದು. ಹಳೆಯ, ಹೊಸ ಗ್ಯಾಸುಗಳ ಸೂಚ್ಯಂಕಗಳ ಅನುಪಾತದ ವರ್ಗಮೂಲ ತೆಗೆಯಿರಿ. ಅದನ್ನು ಒತ್ತಡಗಳ ಅನುಪಾತದ ನಾಲ್ಕನೇ ಮೂಲದಿಂದ, ಅಂದರೆ ವರ್ಗಮೂಲದ ವರ್ಗಮೂಲದಿಂದ, ಗುಣಿಸಿ. ತೂತಿನ ಅಡ್ಡಳತೆ ಅಷ್ಟು ಪಟ್ಟು ಹಿಗ್ಗಬೇಕು. ಪೈಪ್ ಗ್ಯಾಸಿನ ಒತ್ತಡ ಸುಮಾರು 21 ಮಿಲಿಬಾರ್. ಹಾಗಾಗಿ 0.70 ಇದ್ದದ್ದು 0.98 ಮಿ.ಮೀ. ಆಗಬೇಕು. 8 ಮಿಲಿಬಾರಿನ ಗೋಬರ್ ಗ್ಯಾಸಿಗಾದರೆ 1.8 ಮಿ.ಮೀ. ಬೆಂಗಳೂರಿನ ಮನೆಗಳಿಗೆ ಪೈಪ್ ಗ್ಯಾಸ್ ಬಂದಾಗ ತಂತ್ರಜ್ಞರು ಜೆಟ್ ಬದಲಿಸುವುದು ಈ ಕಾರಣಕ್ಕೇ. ಮನೆ ಬದಲಿಸಿದವರು ಅದೇ ಒಲೆಯನ್ನು ಮತ್ತೆ ಸಿಲಿಂಡರಿಗೆ ಜೋಡಿಸಿದರೆ ಅಪಾಯ ಕಟ್ಟಿಟ್ಟದ್ದು. ಕಾವು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಗಾಳಿ ಸಾಲದೆ ಬೆಂಕಿ ಹಳದಿಯಾಗಿ ಉದ್ದಕ್ಕೆ ಏಳುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅಡುಗೆಮನೆಯಲ್ಲಿ ತುಂಬಿಕೊಳ್ಳುತ್ತದೆ.

ಹಾಗಂತ ಸಿಲಿಂಡರಿನ ಒಲೆಯ ಜೆಟ್ ಕೊರೆದ ಮಾತ್ರಕ್ಕೆ ಅದು ಗೋಬರ್ ಗ್ಯಾಸಿಗೆ ಹೊಂದುವುದಿಲ್ಲ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು 24 ಪಾಲು ಗಾಳಿ ಬೇಕು, ಬ್ಯೂಟೇನಿಗೆ 31. ಗೋಬರ್ ಗ್ಯಾಸಿಗೆ ಆರು ಪಾಲು ಧಾರಾಳ. ಮೇಲಾಗಿ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಜ್ವಾಲೆಯ ಓಟವನ್ನೇ ನಿಧಾನ ಮಾಡುತ್ತದೆ. ಮಿಶ್ರಣ ಹೊರನುಗ್ಗುವ ವೇಗಕ್ಕೆ ಜ್ವಾಲೆ ಸರಿಸಾಟಿಯಾಗದೆ ಬರ್ನರಿನಿಂದ ಮೇಲೆದ್ದು, ಬುಸ್ಸೆಂದು ಆರಿಹೋಗುತ್ತದೆ. ಗಾಳಿಕಿಂಡಿಯನ್ನು ಕಿರಿದು ಮಾಡಬೇಕು, ಬರ್ನರಿನ ತೂತುಗಳೂ ದೊಡ್ಡವಿರಬೇಕು. ಗೋಬರ್ ಗ್ಯಾಸಿಗೆಂದೇ ಮಾಡಿದ ಒಲೆ ಕೊಳ್ಳುವುದೇ ಸರಿಯಾದ ದಾರಿ.

ಗೋಬರ್ ಗ್ಯಾಸಿನ ಕಾವು ಹೊತ್ತಿನಿಂದ ಹೊತ್ತಿಗೂ ಬದಲಾಗುತ್ತದೆ. ತೇಲುವ ಡ್ರಮ್ಮಿನ ಸ್ಥಾವರದಲ್ಲಿ ಡ್ರಮ್ಮಿನ ತೂಕವೇ ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಕದಲದ ಗುಮ್ಮಟವಿರುವ ದೀನಬಂಧು ಮಾದರಿಯ ಸ್ಥಾವರದಲ್ಲಿ ಹಾಗಲ್ಲ. ರಾತ್ರಿಯಿಡೀ ಗ್ಯಾಸು ಸೇರಿ ಬೆಳಿಗ್ಗೆ ಒತ್ತಡ ಏರಿರುತ್ತದೆ, ಅಡುಗೆ ಮುಂದುವರಿದಂತೆ ಇಳಿಯುತ್ತದೆ. ಒತ್ತಡ ಕಾಲು ಭಾಗಕ್ಕೆ ಬಂದಾಗ ಕಾವು ಅರ್ಧಕ್ಕೆ ಬಂದಿರುತ್ತದೆ. ಹೀಗಾಗಿ ಅಕ್ಕಿ, ಬೇಳೆ ಬೇಯಿಸುವುದನ್ನು ಮೊದಲು ಮುಗಿಸಿ, ಒಗ್ಗರಣೆಯಂಥ ಸಣ್ಣ ಕೆಲಸವನ್ನು ಕೊನೆಗಿಟ್ಟುಕೊಳ್ಳುವುದು ಒಳ್ಳೆಯದು. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಗ್ಗಿಸಿ ಬಣ್ಣದ ನೀರು ತುಂಬಿ ಗ್ಯಾಸಿನ ಲೈನಿಗೆ ಜೋಡಿಸಿದರೆ ಒತ್ತಡ ಕಣ್ಣಿಗೇ ಕಾಣುತ್ತದೆ. ಹತ್ತು ಸೆಂ.ಮೀ. ನೀರಿನ ವ್ಯತ್ಯಾಸವೆಂದರೆ ಹತ್ತಿರಹತ್ತಿರ 10 ಮಿಲಿಬಾರ್.

ಒತ್ತಡ ಸರಿಯಿದ್ದೂ ಕಾವು ಕುಗ್ಗಿದರೆ ಮೀಥೇನ್ ಇಳಿದಿರಬಹುದು. ಒಮ್ಮೆಲೇ ಹೆಚ್ಚು ಸಗಣಿ ಸುರಿದಾಗ ಹೀಗಾಗುವುದುಂಟು. ಮೀಥೇನ್ ಶೇ. 60ರಿಂದ 50ಕ್ಕೆ ಬಂದರೆ ಗ್ಯಾಸಿನ ಶಾಖವೂ ಕಡಿಮೆ, ಅದರ ಭಾರವೂ ಹೆಚ್ಚು. ಎರಡೂ ಸೇರಿ ಒಲೆಯ ಕಾವಿನಲ್ಲಿ ಶೇ. 20 ಖೋತಾ. ಬೆಂಕಿ ಬಿಟ್ಟುಬಿಟ್ಟು ಕುಣಿಯುತ್ತಿದ್ದರೆ ಮಾತ್ರ ಗ್ಯಾಸನ್ನು ಅನುಮಾನಿಸುವ ಮೊದಲು ಪೈಪಿನ ತಗ್ಗಿನಲ್ಲಿ ನಿಂತ ನೀರನ್ನು ಬಸಿಯಿರಿ.

ಸಿಲಿಂಡರಿನಲ್ಲೂ ಸಣ್ಣ ಏರುಪೇರಿದೆ. ಪ್ರೊಪೇನ್ ಬೇಗ ಆವಿಯಾಗುವುದರಿಂದ ಕೊನೆಕೊನೆಗೆ ಬ್ಯೂಟೇನಿನ ಪಾಲು ಹೆಚ್ಚುತ್ತದೆ. ಅದಕ್ಕೆ ಹೆಚ್ಚು ಗಾಳಿ ಬೇಕಾದ್ದರಿಂದ ಬೆಂಕಿಯ ತುದಿ ಹಳದಿಗೆ ತಿರುಗಬಹುದು.

ಇನ್ನು ಜೆಟ್ ಕಟ್ಟಿಕೊಂಡಾಗ ಉಕ್ಕಿನ ಪಿನ್ನು, ಸೂಜಿ ಚುಚ್ಚುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಹಿತ್ತಾಳೆ ಮೆತ್ತಗಿನ ಲೋಹ. ತೂತು 0.70ರಿಂದ 0.77ಕ್ಕೆ ಸವೆದರೆ ಗ್ಯಾಸು ಶೇ. 21ರಷ್ಟು ಹೆಚ್ಚು ಹೋಗುತ್ತದೆ, ಅಷ್ಟೇ ಗಾಳಿ ಸೇರುವುದಿಲ್ಲ. ಸಿಲಿಂಡರ್ ಬಂದ್ ಮಾಡಿ, ಜೆಟ್ ಬಿಚ್ಚಿ, ಸೋಪಿನ ನೀರಲ್ಲಿ ನೆನೆಸಿ ಹಿಂಬದಿಯಿಂದ ಊದಿ. ಹೋಗದಿದ್ದರೆ ಬ್ರಷ್ಷಿನ ನೈಲಾನ್ ಎಳೆ ಸಾಕು. ಪೂರ್ತಿ ಒಣಗಿಸಿ ಮತ್ತೆ ಕೂರಿಸಿದ ಮೇಲೆ ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಗ್ಯಾಸ್ ಬಿಟ್ಟು ಗುಳ್ಳೆ ಏಳುತ್ತದೆಯೇ ನೋಡಿ. ಏಳದಿದ್ದರೆ ಮಾತ್ರ ಒಲೆ ಹಚ್ಚಿ.