ಹವಾಮಾನ ನಿರಾಶ್ರಿತರು ಅಂದರೆ ಯಾರು?

ಹಾಸನದ ಕಡೆ 'ಮುಳುಗಡೆಯವರು' ಅಂದರೆ ಬಿಡಿಸಿ ಹೇಳಬೇಕಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಬಿಟ್ಟು ಎದ್ದು ಬಂದವರು. ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ಅರ್ಧ ನೀರಲ್ಲಿರುತ್ತದೆ, ಬೇಸಿಗೆಯಲ್ಲಿ ನಡೆದೇ ಹೋಗಬಹುದು. ಅಲ್ಲಿ ಫೋಟೊ ತೆಗೆಸಿಕೊಳ್ಳುವವರು ಜಾಸ್ತಿ, ಮುಳುಗಿದ ಊರುಗಳ ಬಗ್ಗೆ ಕೇಳುವವರು ಕಮ್ಮಿ.

ಪತ್ರಿಕೆಗಳಲ್ಲಿ ಕಾಣುವ 'ಹವಾಮಾನ ನಿರಾಶ್ರಿತರು' ಇವರ ದೂರದ ನೆಂಟರು. ಬರ, ಚಂಡಮಾರುತಕ್ಕೆ ಊರು ಬಿಟ್ಟವರನ್ನೂ ಹೀಗೇ ಕರೆಯುತ್ತಾರೆ. ಆದರೆ ಪದ ಕೇಳಿದಾಗ ಮೊದಲು ನೆನಪಾಗುವುದು ಸಮುದ್ರದ ಅಂಚಿನವರು.

ಹಿಮ ಕರಗಿ ಸಮುದ್ರ ಏರುತ್ತದೆ ಎಂಬುದು ಗೊತ್ತಿರುವ ಮಾತು. ಇನ್ನೊಂದು ಕಾರಣವೂ ಇದೆ. ಭೂಮಿಯಲ್ಲಿ ಹೆಚ್ಚಾದ ಶಾಖದಲ್ಲಿ ಶೇ. 90ಕ್ಕೂ ಹೆಚ್ಚು ಪಾಲನ್ನು ಸಮುದ್ರವೇ ನುಂಗುತ್ತದೆ. ಕಾದ ನೀರು ಹಿಗ್ಗುತ್ತದೆ. 1901ರಿಂದ 2018ರ ಹೊತ್ತಿಗೆ ಸಮುದ್ರಮಟ್ಟ ಸರಾಸರಿ 20 ಸೆಂ.ಮೀ. ಏರಿತು. ಒಂದು ಗೇಣೂ ಇಲ್ಲ ಅಲ್ವಾ? ಆದರೆ ಪೆಸಿಫಿಕ್ ಸಾಗರದ ಪುಟ್ಟ ದೇಶಗಳಾದ ಕಿರಿಬಾಸ್, ತುವಾಲು ದ್ವೀಪಗಳಲ್ಲಿ ಹೆಚ್ಚಿನ ನೆಲ ಸಮುದ್ರಕ್ಕಿಂತ ಎರಡು ಮೂರು ಮೀಟರ್ ಎತ್ತರ ಅಷ್ಟೇ. ಅಲ್ಲಿ ಮನೆ ಮುಳುಗುವುದು ಆಮೇಲಿನ ಮಾತು. ಮೊದಲು ಬಾವಿ ನೀರು ಉಪ್ಪಾಗುತ್ತದೆ, ಗೆಡ್ಡೆ ಬೆಳೆಯುವ ಹೊಂಡ ಕೆಡುತ್ತದೆ. ಕುಡಿಯಲು ನೀರಿಲ್ಲದ ಕಡೆ ಎಷ್ಟು ದಿನ ಇರುತ್ತಾರೆ?

ತೊಡಕಿರುವುದು 'ನಿರಾಶ್ರಿತ' ಎಂಬ ಪದದಲ್ಲಿ. 1951ರ ವಿಶ್ವಸಂಸ್ಥೆ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯದಂಥ ಕಾರಣಕ್ಕೆ ಹಿಂಸೆಗೆ ಹೆದರಿ ದೇಶ ಬಿಟ್ಟವರು ಮಾತ್ರ ನಿರಾಶ್ರಿತರು. ಸಮುದ್ರ ಯಾರ ಜಾತಿ ಧರ್ಮವನ್ನೂ ಕೇಳಿ ನುಗ್ಗುವುದಿಲ್ಲವಲ್ಲ! ಕಿರಿಬಾಸ್‌ನ ಐವಾನೆ ಟೈಟಿಯೋಟ ಸಮುದ್ರ ಏರುತ್ತಿದೆ ಎಂದು ನ್ಯೂಜಿಲೆಂಡಿನಲ್ಲಿ ಆಶ್ರಯ ಕೇಳಿದರು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ವಾಪಸ್ ಕಳಿಸಿದರು. ಸಮುದ್ರ ಊರು ನುಂಗಿದ್ದಕ್ಕೆ ಎದ್ದು ಬಂದ ಒಡಿಶಾದ ಸತಭಾಯದವರಂತೆ ದೇಶದೊಳಗೇ ಜಾಗ ಬದಲಿಸಿದವರಿಗಂತೂ ಈ ಪದ ಕಾನೂನಿನಲ್ಲಿ ಹೊಂದುವುದೇ ಇಲ್ಲ. ಗಡಿ ದಾಟಿದರೆ ತಾನೇ ನಿರಾಶ್ರಿತ?

ಹಾಗಾಗಿ ನನಗೆ 'ಹವಾಮಾನ ಸಂತ್ರಸ್ತರು' ಎನ್ನುವುದೇ ಸರಿ ಅನಿಸುತ್ತದೆ. ಆದರೂ ನಮ್ಮ ಮುಳುಗಡೆಯವರಿಗೂ ಇವರಿಗೂ ಒಂದು ವ್ಯತ್ಯಾಸ ಇದೆ. ನಮ್ಮವರು ಪರಿಹಾರ ಸಾಲದು ಎಂದು ಜಗಳವಾಡಲು ಒಂದು ಸರ್ಕಾರ, ಒಂದು ಫೈಲು ಇತ್ತು. ದ್ವೀಪದವರು ಯಾವ ಆಫೀಸಿನ ಬಾಗಿಲು ತಟ್ಟಬೇಕು? 2023ರಲ್ಲಿ ತುವಾಲು ಆಸ್ಟ್ರೇಲಿಯಾ ಜೊತೆ ಒಪ್ಪಂದ ಮಾಡಿಕೊಂಡಿತು. ಅದರಂತೆ ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು. ಅವರೂ ಹೋಗುವುದು ವೀಸಾ ಹಿಡಿದು, ನಿರಾಶ್ರಿತರಾಗಿ ಅಲ್ಲ.