ಗಪ್ಪಿಯ ಇನಿಷಿಯಲ್

ಕಳೆದ ವರ್ಷ ಗೆಳೆಯನೊಬ್ಬ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಿಂದ ಒಂದು ಜೋಡಿ ಮೀನು ತಂದ. ‘ಪ್ಯೂರ್ ಎಂಡ್ಲರ್ ಕಣೋ, ಬೆರಕೆ ಅಲ್ಲ’ ಎಂದ. ಸೊಳ್ಳೆಮರಿ ತಿನ್ನಲಿ ಅಂತ ತೊಟ್ಟಿಗೆ ಬಿಡುತ್ತಾರಲ್ಲ, ಆ ಗಪ್ಪಿಗೆ ಹತ್ತಿರದ ನೆಂಟ ಈ ಎಂಡ್ಲರ್. ಎರಡೂ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತವೆ. ಬೆರಕೆ ಅಲ್ಲ ಅಂತ ಹೇಗೆ ಗೊತ್ತಾಯ್ತು ಎಂದು ಕೇಳಿದೆ. ‘ಬಣ್ಣ ನೋಡಿದ್ರೆ ಗೊತ್ತಾಗಲ್ವಾ?’ ಅವರಪ್ಪ ಸಿದ್ಧಗಂಗೆ ಜಾತ್ರೆಯಲ್ಲಿ ಕೊಂಬು, ಸುಳಿ ನೋಡಿ ಹಳ್ಳಿಕಾರ್ ಹೋರಿ ವ್ಯಾಪಾರ ಮಾಡಿದವರು. ಅವರೂ ಗಾಜಿಗೆ ಮೂಗು ತಾಗಿಸಿ ನೋಡಿ, ‘ಜಾತಿ ಮೀನೇ’ ಎಂದು ತೀರ್ಪು ಕೊಟ್ಟರು.

ನನಗೆ ಸಿಟ್ಟು ಬರೋದು ಇಲ್ಲೇ. ಸುಳಿ ನೋಡಿ ಮನೆಯ ಯೋಗ ಹೇಳುವುದಕ್ಕೂ ಬಣ್ಣ ನೋಡಿ ಮೀನಿನ ವಂಶ ಹೇಳುವುದಕ್ಕೂ ಜಾಸ್ತಿ ದೂರವಿಲ್ಲ.

ಈ ಬಣ್ಣದ ಕಥೆ ಶುರುವಾಗಿದ್ದು ಬಿಯರ್ ಕಂಪನಿಯಿಂದ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೊಹಾನೆಸ್ ಸ್ಮಿತ್ ಎಂಬುವರಿದ್ದರು. ಯುರೋಪಿನ ಹಾವುಮೀನು ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿಕೊಂಡು ವರ್ಷಗಟ್ಟಲೆ ಅಟ್ಲಾಂಟಿಕ್ ಸಾಗರ ಜಾಲಾಡಿದ ಮನುಷ್ಯ ಇವರೇ. ಗಂಡು ಗಪ್ಪಿಯ ಬೆನ್ನಿನ ರೆಕ್ಕೆ ಮೇಲಿನ ಕಪ್ಪು ಚುಕ್ಕೆ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ಮಗಳ ಮೂಲಕ ಮೊಮ್ಮಗನಿಗೆ ಹೋಗುವುದಿಲ್ಲ ಎಂದು 1920ರಲ್ಲಿ ಬರೆದರು. ಅದೇ ದೇಶದ ಒಯಿವಿಂದ್ ವಿಂಗೆ 1922ರಲ್ಲಿ ಈ ಕೆಲಸ ಮುಂದುವರಿಸಿದರು. ಚುಕ್ಕೆಯ ಜೀನ್ ಕೂತಿರುವುದು ಗಂಡಿಗೆ ಮಾತ್ರ ಇರುವ ವೈ ಕ್ರೋಮೋಸೋಮಿನ ಮೇಲೆ. ಎಲ್ಲ ಬಣ್ಣವೂ ಅಲ್ಲೇ ಇಲ್ಲ, ಆದರೆ ಗಂಡಿನ ಚಿತ್ತಾರದಲ್ಲಿ ಬಹಳಷ್ಟು ಅಲ್ಲಿಯದೇ.

ನಮ್ಮ ಕಡೆ ಹೆಸರಿನ ಮುಂದೆ ಊರಿನ ಇನಿಷಿಯಲ್ ಇರುತ್ತಲ್ಲ, ವೈ ಥೇಟ್ ಹಾಗೆ. ಗುಬ್ಬಿಯವನೊಬ್ಬ ಶಿರಾ ಹೆಣ್ಣನ್ನು ಮದುವೆಯಾದ ಅನ್ನಿ. ಮಗ ಮಧುಗಿರಿ ಹೆಣ್ಣನ್ನು ತಂದ, ಮೊಮ್ಮಗ ತಿಪಟೂರಿನ ಹೆಣ್ಣನ್ನು. ಐದನೇ ತಲೆಮಾರಿನ ಹುಡುಗ ಗುಬ್ಬಿ ನೋಡಿಯೇ ಇಲ್ಲ, ಆದರೂ ಹೆಸರಿನ ಮುಂದೆ ‘ಜಿ’ ಕೂತಿದೆ. ಅವನ ಐದು ತಲೆಮಾರು ಹಿಂದಿನ ಸಾಲಿನಲ್ಲಿ 32 ಜನ ಹಿರಿಯರಿದ್ದರು, ಗುಬ್ಬಿಯವನು ಒಬ್ಬನೇ.

ಮೀನಿಗೂ ಇದೇ ಲೆಕ್ಕ. ಎಂಡ್ಲರ್ ಗಂಡಿಗೆ ಗಪ್ಪಿ ಹೆಣ್ಣು ಕೂಡಿದರೆ ಮಕ್ಕಳಲ್ಲಿ ಎಂಡ್ಲರ್ ಪಾಲು ಅರ್ಧ. ಆ ಗಂಡುಮಕ್ಕಳಿಗೆ ಮತ್ತೆ ಗಪ್ಪಿ ಹೆಣ್ಣು, ಕಾಲು. ಹೀಗೆ ಐದು ತಲೆಮಾರು ನಡೆದರೆ ಸರಾಸರಿ 32ರಲ್ಲಿ ಒಂದು ಪಾಲು, ಅಂದರೆ ಸುಮಾರು ಶೇಕಡಾ 3. ಆದರೂ ಅಪ್ಪನಿಂದ ಮಗನಿಗೆ ಬಂದ ವೈ ಎಂಡ್ಲರಿನದೇ, ಅದರ ಮೇಲಿನ ಚಿತ್ತಾರವೂ ಎಂಡ್ಲರಿನದೇ. ಹೆಣ್ಣುಗಳಂತೂ ಎರಡು ಕಡೆಯವೂ ಹೆಚ್ಚಾಗಿ ಮಾಸಲು ಬೂದು ಬಣ್ಣ. ಅಂಥವುಗಳ ಮೈಮೇಲೆ ಓದಲು ಏನೂ ಇಲ್ಲ.

ಇನ್ನೊಂದು ಫಜೀತಿ ಇದೆ. ಈ ಹೆಣ್ಣುಗಳು ಒಮ್ಮೆ ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತವೆ. ಅಂಗಡಿಯಿಂದ ಒಂಟಿ ಹೆಣ್ಣು ತಂದರೂ ತಿಂಗಳಿಗೊಮ್ಮೆ ಮರಿ ಹಾಕುತ್ತಾ ಹೋಗಬಹುದು. ಪಕ್ಕದ ತೊಟ್ಟಿಯ ಗಂಡನ್ನು ನೋಡಿ ನೋಡಿ ಮರಿಗೆ ಆ ಬಣ್ಣ ಬಂತು ಅನ್ನುವವರಿದ್ದಾರೆ. ನೋಡಿ ಬಂದಿದ್ದಲ್ಲ ಸ್ವಾಮಿ, ಮೊದಲೇ ಕೂಡಿ ಬಂದಿದ್ದು.

ಹಾಗಾದರೆ ಡಿಎನ್‌ಎ? ಅದರಲ್ಲೂ ಸುಮ್ನೆ ಒಂದು ತುಂಡು ನೋಡಿದರೆ ಆಗದು. ಜೀವಕೋಶದೊಳಗಿನ ಪುಟ್ಟ ಭಾಗವಾದ ಮೈಟೋಕಾಂಡ್ರಿಯಾದ ಡಿಎನ್‌ಎ ಅಜ್ಜಿಯ ಬುಗುಡಿಯ ಹಾಗೆ, ಅವ್ವನಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ. ಮಗನಿಗೂ ಬರುತ್ತೆ, ಆದರೆ ಅವನಿಂದ ಮುಂದಕ್ಕೆ ಹೋಗಲ್ಲ. ಅದು ಹೇಳುವುದು 32ರಲ್ಲಿ ಒಬ್ಬಳ ಕಥೆ. ವೈ ಹೇಳುವುದು ಒಬ್ಬನ ಕಥೆ. ಉಳಿದ 30 ಜನರನ್ನು ಕೇಳಬೇಕಾದರೆ ಎಲ್ಲ ಕ್ರೋಮೋಸೋಮುಗಳ ಉದ್ದಕ್ಕೂ ನೂರಾರು ಗುರುತು ನೋಡಬೇಕು. ನೋಡಿದರೆ ಬೆರಕೆ ಯಾವಾಗ ಆಯಿತೆಂದೂ ಅಂದಾಜು ಸಿಗುತ್ತದೆ. ಮುದ್ದೆ ತಿರುವಲು ಶುರುಮಾಡಿದಾಗ ಹಿಟ್ಟಿನ ಗಂಟು ದೊಡ್ಡದಿರುತ್ತೆ, ಕೋಲು ಆಡಿದಷ್ಟೂ ಒಡೆದು ಸಣ್ಣದಾಗುತ್ತೆ. ಪ್ರತಿ ತಲೆಮಾರಿನಲ್ಲೂ ಕ್ರೋಮೋಸೋಮುಗಳು ಹಾಗೆಯೇ ಮುರಿದು ಕೂಡಿಕೊಳ್ಳುತ್ತವೆ. ಎಂಡ್ಲರ್ ತುಂಡು ಉದ್ದವಿದ್ದರೆ ಬೆರಕೆ ಹೊಸದು, ಚೂರುಚೂರಾಗಿದ್ದರೆ ಹಳೆಯದು.

ಇಷ್ಟೆಲ್ಲ ಮನೆಯಲ್ಲಿ ಆಗುತ್ತಾ? ಅದಕ್ಕೇ ಸಾಕುವವರು ಮೀನನ್ನು ಬಿಟ್ಟು ದಾಖಲೆ ನಂಬುತ್ತಾರೆ. ಜೀವವಿಜ್ಞಾನಿ ಜಾನ್ ಎಂಡ್ಲರ್ 1975ರಲ್ಲಿ ವೆನೆಜುವೆಲಾದ ಕುಮಾನಾ ಪಟ್ಟಣದ ಹತ್ತಿರದ ಕಡಲಂಚಿನ ಕೊಳವೊಂದರಲ್ಲಿ ಈ ಮೀನು ಹಿಡಿದರು. ಅಂಥ ಮೂಲದಿಂದ ಇಲ್ಲಿಯವರೆಗೆ ಲೆಕ್ಕ ಇದ್ದರೆ ಎನ್ ದರ್ಜೆ. ನೋಡಲು ಹಾಗಿದ್ದು ಲೆಕ್ಕ ಇಲ್ಲದಿದ್ದರೆ ಪಿ. ಬೆರಕೆ ಎಂದು ಗೊತ್ತಿದ್ದರೆ ಕೆ. ನಮ್ಮವರಿಗೆ ಗೊಬ್ಬರದ ಚೀಲ ನೆನಪಾದರೆ ತಪ್ಪಿಲ್ಲ. 2005ರಲ್ಲಿ ಇದನ್ನು ಬೇರೆ ಜಾತಿಯೆಂದು ಹೆಸರಿಸಿದಾಗ ಇಟ್ಟಿದ್ದು ವಿಂಗೆ ಅವರ ಹೆಸರನ್ನೇ, ಪೊಸಿಲಿಯಾ ವಿಂಗೆಯಿ. ಬೇರೆ ಜಾತಿಯೇ ಅಲ್ಲ, ಅದೂ ಗಪ್ಪಿಯೇ ಅನ್ನುವವರು ಇವತ್ತಿಗೂ ಇದ್ದಾರೆ.

ಗೆಳೆಯನ ಮೀನು ಹೆಚ್ಚೆಂದರೆ ಪಿ ಎಂದೆ. ಮುನಿಸಿಕೊಂಡ. ಮೂರನೇ ಸಲ ಮರಿ ಹಾಕಿದಾಗ, ಬೆಳೆದ ಗಂಡುಗಳಲ್ಲಿ ಒಂದಕ್ಕೆ ಬಾಲ ಸೆರಗಿನ ಹಾಗೆ ಬಿಚ್ಚಿಕೊಂಡಿತ್ತು, ಶುದ್ಧ ಗಪ್ಪಿ ಬಾಲ. ಅದು ಅಪ್ಪನ ಕಡೆಯ ಹಳೇ ಬೆರಕೆಯೋ, ಅವ್ವ ಅಂಗಡಿಯಲ್ಲೇ ಇನ್ಯಾರ ಜೊತೆಗೋ ಕೂಡಿದ್ದಳೋ ಹೇಳಲು ನನ್ನಿಂದಲೂ ಆಗಲಿಲ್ಲ. ಅವರಪ್ಪ ಮತ್ತೆ ಗಾಜಿಗೆ ಮೂಗು ತಾಗಿಸಿದರು. ‘ಇದೇ ಚೆನ್ನಾಗಿದೆ ಬಿಡು’ ಎಂದರು.