ಇಸಾಕ್: ಅಪ್ಪಂದಿರ ಲೆಕ್ಕ, ಅಮ್ಮಂದಿರ ಕವಲು

ಸೊಮಾಲಿಯಾ ಕಡೆಯ ಸುದ್ದಿ ಓದುವಾಗ ಇಸಾಕ್, ದಾರೂದ್, ಹವಿಯೆ, ದಿರ್ ಅನ್ನೋ ಹೆಸರುಗಳು ಸಿಗುತ್ತವೆ. ಪತ್ರಿಕೆಗಳು ಸುಮ್ನೆ 'ಬುಡಕಟ್ಟು' ಎಂದು ಬರೆದು ಮುಂದೆ ಹೋಗುತ್ತವೆ. ಆ ಪದ ಕೇಳಿದರೆ ನಮಗೆ ಬೇರೆ ಭಾಷೆ, ಬೇರೆ ದೇವರು, ಬೇರೆ ಉಡುಗೆಯ ಜನ ಕಣ್ಣಿಗೆ ಬರುತ್ತಾರೆ. ಸೊಮಾಲಿಗಳಲ್ಲಿ ಹಾಗಿಲ್ಲ. ಬಹುಮಟ್ಟಿಗೆ ಒಂದೇ ಭಾಷೆ, ಹೆಚ್ಚುಕಡಿಮೆ ಎಲ್ಲರೂ ಸುನ್ನಿ ಮುಸ್ಲಿಮರು, ಒಂಟೆ ಎಲ್ಲರಿಗೂ ಒಂದೇ ಥರ ಪ್ರಾಣ. ಅವರನ್ನು ಬೇರೆ ಬೇರೆ ಮಾಡುವುದು ಒಂದೇ ಒಂದು ಪ್ರಶ್ನೆ: ನೀನು ಯಾರ ಪೈಕಿ?

ಆ ಪ್ರಶ್ನೆಗೆ ಉತ್ತರ ಒಂದು ಹೆಸರಲ್ಲ, ಹೆಸರುಗಳ ಸರ. ನಾನು, ನನ್ನ ಅಪ್ಪ, ಅವನ ಅಪ್ಪ, ಅವನ ಅಪ್ಪ ಎಂದು ಹೇಳುತ್ತಾ ಮೂಲಪುರುಷನ ತನಕ ಹೋಗಬೇಕು. ಇದಕ್ಕೆ ಅಬ್‌ತಿರ್ಸಿ ಎನ್ನುತ್ತಾರೆ. 'ಅಬ್' ಎಂದರೆ ಹಿರೀಕ, 'ತಿರ್ಸಿ' ಎಂದರೆ ಎಣಿಕೆ. ಇಪ್ಪತ್ತಕ್ಕೂ ಜಾಸ್ತಿ ಹೆಸರುಗಳನ್ನು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ಬಾಯಿಪಾಠ ಮಾಡುತ್ತಾರೆ. ನಮ್ಮ ಗೋತ್ರದಲ್ಲಿ ಋಷಿಯ ಹೆಸರು ಉಳಿದಿದೆ, ಆದರೆ ಋಷಿಗೂ ನಮ್ಮ ಮುತ್ತಜ್ಜನಿಗೂ ನಡುವಿನವರು ಯಾರೆಂದು ಗೊತ್ತಿಲ್ಲ ಅಲ್ವಾ? ಅಬ್‌ತಿರ್ಸಿಯಲ್ಲಿ ಆ ನಡುವಿನವರೇ ಮುಖ್ಯ. ಗುರುತಿಲ್ಲದ ಇಬ್ಬರು ಎದುರಾದರೆ ತಮ್ಮ ತಮ್ಮ ಸರ ಹೇಳಿಕೊಳ್ಳುತ್ತಾ ಹೋಗುತ್ತಾರೆ. ಎರಡೂ ಸರಗಳಲ್ಲಿ ಒಂದೇ ಹೆಸರು ಎಲ್ಲಿ ಬರುತ್ತದೋ ಅಲ್ಲಿ ಅವರು ನೆಂಟರು. ಆ ಹೆಸರು ಎಷ್ಟು ಹತ್ತಿರವೋ ಹೊಣೆ ಅಷ್ಟು ಜಾಸ್ತಿ.

ಈ ಲೆಕ್ಕದಲ್ಲಿ ಇಸಾಕ್ ಒಂದು ದೊಡ್ಡ ಕುಲ. ಏಡನ್ ಕೊಲ್ಲಿಯ ದಂಡೆಯ ಬರ್ಬೆರಾ ಬಂದರು, ಒಳನಾಡಿನ ಹರ್ಗೇಸಾ, ಬುರಾವೊ, ಎರಿಗಾವೊ ಪಟ್ಟಣಗಳು, ದಕ್ಷಿಣಕ್ಕೆ ಇಥಿಯೋಪಿಯಾದೊಳಗೆ ಚಾಚಿರುವ ಹೌದ್ ಎಂಬ ಹುಲ್ಲುಗಾವಲು, ಇಷ್ಟು ಇವರ ನೆಲ. 1991ರ ಮೇ 18ರಂದು ಸ್ವಾತಂತ್ರ್ಯ ಘೋಷಿಸಿಕೊಂಡ ಸೊಮಾಲಿಲ್ಯಾಂಡ್‌ನಲ್ಲಿ ಹೆಚ್ಚಿನವರು ಇವರೇ.

ಮೂಲದ ಕಥೆ ಹೀಗಿದೆ. ಶೇಖ್ ಇಸ್‌ಹಾಕ್ ಬಿನ್ ಅಹ್ಮದ್ ಎಂಬ ಧರ್ಮಬೋಧಕರು ಅರೇಬಿಯಾದಿಂದ ಕಡಲು ದಾಟಿ ಬಂದರು. 12ನೇ ಅಥವಾ 13ನೇ ಶತಮಾನ ಎನ್ನುತ್ತಾರೆ. ಅವರು ಪ್ರವಾದಿಯ ಮನೆತನದವರು ಎಂಬುದು ನಂಬಿಕೆ. ಕೊನೆಗೆ ನೆಲೆಸಿದ್ದು ಸನಾಗ್ ಪ್ರಾಂತ್ಯದ ಮೈಡ್ ಎಂಬ ಕಡಲೂರಿನಲ್ಲಿ. ಅವರ ಗೋರಿ ಇರುವುದೂ ಅಲ್ಲೇ, ಜನ ಇಂದಿಗೂ ಜಿಯಾರತ್‌ಗೆ ಹೋಗುತ್ತಾರೆ. ದಾರೂದ್ ಕುಲದವರೂ ತಮ್ಮ ಮೂಲಪುರುಷ ಅರೇಬಿಯಾದಿಂದ ಇದೇ ಕರಾವಳಿಗೆ ಬಂದರು ಎಂದೇ ಹೇಳುತ್ತಾರೆ. ಎರಡು ಕುಲಕ್ಕೂ ಒಂದೇ ಅಚ್ಚಿನ ಕಥೆ ಇರುವುದರಿಂದ ಇತಿಹಾಸಕಾರರಿಗೆ ಅನುಮಾನ ಬಂದಿದೆ. ಇಸ್ಲಾಂ ಬೇರೂರಿದ ಮೇಲೆ ಅರಬ್ ಮೂಲ ಗೌರವದ ಗುರುತಾಯಿತು, ಸ್ಥಳೀಯ ವಂಶಗಳು ತಮ್ಮ ಸರದ ತುದಿಗೆ ಅರಬ್ ಹೆಸರು ಪೋಣಿಸಿಕೊಂಡವು ಎಂಬುದು ಅವರಲ್ಲಿ ಹಲವರ ವಾದ. ಇಸಾಕ್ ಅಸಲಿಗೆ ದಿರ್ ಕುಲದ್ದೇ ಒಂದು ಕೊಂಬೆ ಎನ್ನುವವರೂ ಇದ್ದಾರೆ. ಇದನ್ನು ಇಸಾಕ್ ಮಂದಿಯ ಮುಂದೆ ಹೇಳಿದರೆ ಜಗಳ ಗ್ಯಾರಂಟಿ. ನನ್ನ ಮಟ್ಟಿಗೆ, ಶೇಖ್ ಕಡಲು ದಾಟಿ ಬಂದರೋ ಇಲ್ಲವೋ ಅನ್ನೋದಕ್ಕಿಂತ ಅವರ ಮಕ್ಕಳನ್ನು ಜನ ಹೇಗೆ ಹಂಚಿದ್ದಾರೆ ಅನ್ನೋದು ಹೆಚ್ಚು ಸ್ವಾರಸ್ಯದ್ದು.

ಶೇಖ್‌ಗೆ ಇಬ್ಬರು ಹೆಂಡಿರು. ಒಬ್ಬಳು ಅದೇ ನೆಲದ ಮಗಾದ್ಲೆ ಎಂಬ ವಂಶದವಳು. ಇನ್ನೊಬ್ಬಳು ಇಥಿಯೋಪಿಯಾದ ಹರಾರ್ ಕಡೆಯವಳು, ಹಬಶಿ ಮೂಲದವಳು ಎಂಬ ಹೇಳಿಕೆ. (ನಮ್ಮ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿದ್ದ ಹಬಶಿ ಸರದಾರರ ಹೆಸರಿನಲ್ಲಿರುವುದೂ ಇದೇ ಪದ.) ಇಬ್ಬರಿಂದ ಎಂಟು ಗಂಡುಮಕ್ಕಳು. ಅಲ್ಲಿಂದಲೇ ಇಸಾಕ್ ಎರಡು ಪಾಲು: ಹಬರ್ ಮಗಾದ್ಲೆ ಮತ್ತು ಹಬರ್ ಹಬುಶೇದ್. ಹಬರ್ ಎಂದರೆ ಮುದುಕಿ, ತಾಯಿ. ಅಪ್ಪಂದಿರನ್ನು ಬಿಟ್ಟು ಬೇರೆ ಯಾರನ್ನೂ ಎಣಿಸದ ಸರ ಮೊಟ್ಟಮೊದಲ ಕವಲಿಗೇ ಬಂದಾಗ ಹಿಡಿದದ್ದು ಅಮ್ಮನ ಸೆರಗನ್ನು.

ಇದು ಇಲ್ಲಿಗೆ ಮುಗಿಯುವುದಿಲ್ಲ. ಒಬ್ಬ ಗಂಡಸಿಗೆ ನಾಲ್ಕು ಮಂದಿ ಹೆಂಡಿರು ಇರಬಹುದಾದ ಸಮಾಜ ಅದು. ಒಂದೇ ತಾಯಿಯ ಮಕ್ಕಳ ಗುಂಪಿಗೆ ಬಹ್ ಎಂಬ ಬೇರೆ ಹೆಸರೇ ಇದೆ. ಅಪ್ಪ ಒಬ್ಬನೇ ಆದರೂ ಸವತಿಯರ ಮಕ್ಕಳು ಬೇರೆ ಬೇರೆ ಬಹ್‌ಗೆ ಸೇರುತ್ತಾರೆ. ಮುಂದೆ ಎಂದಾದರೂ ವಂಶ ಒಡೆದರೆ ಬಿರುಕು ಸಾಮಾನ್ಯವಾಗಿ ಈ ಗೆರೆಯ ಮೇಲೇ ಬೀಳುತ್ತದೆ.

ಮಗಾದ್ಲೆ ಪಾಲಿಗೆ ಬಂದವರು ನಾಲ್ವರು. ಅಬ್ದಿರಹ್ಮಾನ್, ಅಂದರೆ ಅವಲ್. ಇವನ ಸಂತತಿ ಹಬರ್ ಅವಲ್. ಇಸ್ಮಾಯಿಲ್, ಅಂದರೆ ಗರ್‌ಹಜಿಸ್. ಇವನಿಂದ ಹಬರ್ ಯೂನಿಸ್ ಮತ್ತು ಈದಗಲೆ ಎಂಬ ಎರಡು ದೊಡ್ಡ ಕವಲುಗಳು ಹೊರಟವು. ಮುಹಮ್ಮದ್‌ನ ಸಂತತಿ ಅರಪ್. ಅಯೂಬ್‌ನದು ಅದೇ ಹೆಸರಿನ ಚಿಕ್ಕ ಗುಂಪು. ಹಬುಶೇದ್ ಪಾಲಿನ ನಾಲ್ವರಲ್ಲಿ ದೊಡ್ಡದಾಗಿ ಬೆಳೆದದ್ದು ಮೂಸಾನ ಸಂತತಿ, ಹಬರ್ ಜೇಲೊ. ಉಳಿದ ಮೂರು, ತೊಲ್ ಜೇಲೊ, ಸನ್ಬೂರ್ ಮತ್ತು ಇಬ್ರಾನ್, ಸಂಖ್ಯೆಯಲ್ಲಿ ಕಡಿಮೆ. ಹಬರ್ ಅವಲ್‌ನವರು ಬರ್ಬೆರಾ ಮತ್ತು ಹರ್ಗೇಸಾ ಕಡೆ ಜಾಸ್ತಿ. ಹಬರ್ ಯೂನಿಸ್ ಮತ್ತು ಹಬರ್ ಜೇಲೊ ಬುರಾವೊದಿಂದ ಎರಿಗಾವೊ ತನಕ ಒಂದೇ ನೆಲವನ್ನು ಹಂಚಿಕೊಂಡಿದ್ದಾರೆ.

ಅಣ್ಣತಮ್ಮಂದಿರಲ್ಲಿ ಒಬ್ಬನ ಸಂತತಿ ಲಕ್ಷಗಟ್ಟಲೆ, ಇನ್ನೊಬ್ಬನದು ಕೈಬೆರಳೆಣಿಕೆಯ ಹಟ್ಟಿಗಳು. ಇದಕ್ಕೂ ಅವರಲ್ಲಿ ಹೆಸರಿದೆ. ಬೆಳೆದದ್ದು ಲಾನ್‌ಡೇರೆ, ಉದ್ದ ಕೊಂಬೆ. ಬೆಳೆಯದ್ದು ಲಾನ್‌ಗಾಬ್, ಗಿಡ್ಡ ಕೊಂಬೆ. ಗಮ್ಮತ್ತು ಏನೆಂದರೆ ಉದ್ದ ಕೊಂಬೆಯವರ ಸರದಲ್ಲಿ ಹೆಸರುಗಳೂ ಜಾಸ್ತಿ ಇರುತ್ತವೆ. ಕಾಲ ಇಬ್ಬರಿಗೂ ಒಂದೇ ತಾನೇ, ಹೆಸರು ಹೇಗೆ ಜಾಸ್ತಿಯಾಯಿತು? ದೊಡ್ಡ ಗುಂಪಿನಲ್ಲಿ ತಲೆಮಾರಿಗೊಂದು ಕವಲು ಒಡೆಯುತ್ತದೆ. ಕವಲೊಡೆದ ಜಾಗದ ಪ್ರತಿ ಹೆಸರೂ ಯಾರಿಗೋ ಬೇಕು, ಹಾಗಾಗಿ ಉಳಿಯುತ್ತದೆ. ಚಿಕ್ಕ ಗುಂಪಿನಲ್ಲಿ ಒಬ್ಬನಿಗೆ ಒಬ್ಬನೇ ಮಗ, ಅವನಿಗೂ ಒಬ್ಬನೇ ಮಗ ಎಂದು ಸಾಗಿದ್ದರೆ ನಡುವಿನ ಹೆಸರುಗಳಿಂದ ಯಾರನ್ನೂ ಬೇರೆ ಮಾಡಬೇಕಾಗಿಲ್ಲ. ಅವು ಮೆಲ್ಲಗೆ ಉದುರಿಹೋಗುತ್ತವೆ. ಅಬ್‌ತಿರ್ಸಿ ಕೆಲಸಕ್ಕೆ ಬಂದಷ್ಟೇ ಉಳಿಯುವ ನೆನಪು. ಅದನ್ನು ಹಳೇ ರಿಜಿಸ್ಟರ್ ಥರ ಓದಿದರೆ ದಾರಿ ತಪ್ಪುತ್ತೇವೆ.

ಯಾವ ಕೆಲಸ? ಮುಖ್ಯವಾಗಿ ರಕ್ತದ ಲೆಕ್ಕ ತೀರಿಸುವುದು. ಒಬ್ಬ ಇನ್ನೊಬ್ಬನನ್ನು ಕೊಂದರೆ ಕೊಂದವನ ಕಡೆಯವರು ಸತ್ತವನ ಕಡೆಯವರಿಗೆ ಪರಿಹಾರ ಕೊಡಬೇಕು. ಇದು ಮಗ್. ಗಂಡಸಿನ ಜೀವಕ್ಕೆ 100 ಒಂಟೆ, ಹೆಂಗಸಿನ ಜೀವಕ್ಕೆ 50 ಎಂಬುದು ಹಳೆಯ ದರ. (ಕೊಂಬೆಗಳಿಗೆ ಅಮ್ಮನ ಹೆಸರಿಟ್ಟವರೇ ಅಮ್ಮನ ಜೀವಕ್ಕೆ ಅರ್ಧ ಬೆಲೆ ಕಟ್ಟಿದ್ದಾರೆ.) ನೂರು ಒಂಟೆ ಒಬ್ಬನ ಹತ್ತಿರ ಎಲ್ಲಿರುತ್ತವೆ? ಹತ್ತಿರದ ಅಪ್ಪನ ಕಡೆಯವರೆಲ್ಲ ಕೂಡಿ ವಂತಿಗೆ ಹಾಕುತ್ತಾರೆ. ಬಂದರೆ ಹಂಚಿಕೊಳ್ಳುವುದೂ ಹೀಗೆಯೇ. ಈ ಗುಂಪಿನಲ್ಲಿ ಕೆಲವು ನೂರರಿಂದ ಕೆಲವು ಸಾವಿರ ಗಂಡಸರು ಇರುತ್ತಾರೆ. ಯಾವ ಗಾಯಕ್ಕೆ ಎಷ್ಟು, ಬೈಗುಳಕ್ಕೆ ಎಷ್ಟು ಎಂಬುದೆಲ್ಲ ಹೇರ್ ಎಂಬ ಒಪ್ಪಂದದಲ್ಲಿ ತೀರ್ಮಾನವಾಗಿರುತ್ತದೆ. ಬಾಯಿಮಾತಿನ ಈ ಒಪ್ಪಂದಗಳನ್ನು ಬ್ರಿಟಿಷರ ಕಾಲದಲ್ಲಿ ಬರೆಸಿ ಜಿಲ್ಲಾ ಕಚೇರಿಗಳಲ್ಲಿ ಇಡುವ ರೂಢಿ ಬಂತು. ಒಬ್ಬ ಸಾಮಾನ್ಯ ಸೊಮಾಲಿಗೆ ದಿನನಿತ್ಯ ಬೇಕಾಗುವುದು ಈ ಚಿಕ್ಕ ಗುಂಪು. 'ಇಸಾಕ್' ಎಂಬ ದೊಡ್ಡ ಹೆಸರು ಬಹುಕಾಲ ಬರೀ ದೂರದ ಮಾತಾಗಿತ್ತು.

ಒಂದು ಉದಾಹರಣೆ ನೋಡೋಣ. ಹಬರ್ ಅವಲ್‌ನಲ್ಲಿ ಸಾದ್ ಮೂಸಾ, ಈಸಾ ಮೂಸಾ ಎಂಬ ಎರಡು ಕವಲುಗಳಿವೆ. ಸೊಮಾಲಿಗಳಲ್ಲಿ ಮನೆತನದ ಹೆಸರು ಇಲ್ಲ. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಅಷ್ಟೇ. ಹಾಗಾಗಿ 'ಸಾದ್ ಮೂಸಾ' ಎಂದರೆ ಮೂಸಾನ ಮಗ ಸಾದ್. 'ಈಸಾ ಮೂಸಾ' ಅವನ ಸೋದರ. ಈಗ ಸಾದ್ ಮೂಸಾದವನೊಬ್ಬನಿಗೆ ಈಸಾ ಮೂಸಾದವನು ಸಿಕ್ಕರೆ ಇಬ್ಬರ ಸರವೂ ಮೂಸಾನಲ್ಲಿ ಕೂಡುತ್ತದೆ. ಹಬರ್ ಯೂನಿಸ್‌ನವನು ಸಿಕ್ಕರೆ ಶೇಖ್ ಇಸ್‌ಹಾಕ್ ತನಕ ಹೋಗಬೇಕು, ಆದರೆ ಇಬ್ಬರದೂ ಮಗಾದ್ಲೆ ತಾಯಿಯ ಹೊಟ್ಟೆ. ಹಬರ್ ಜೇಲೊದವನು ಸಿಕ್ಕರೂ ಅದೇ ಶೇಖ್, ಆದರೆ ತಾಯಿ ಬೇರೆ. ಈ ಸಣ್ಣ ವ್ಯತ್ಯಾಸ ಹೊರಗಿನವರಿಗೆ ಕಾಣುವುದಿಲ್ಲ, ಒಳಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊರಗಿನಿಂದ ಬಂದು ಇದನ್ನು ಕಲಿತವರಲ್ಲಿ ಬ್ರಿಟಿಷರೂ ಇದ್ದರು. 1855ರ ಏಪ್ರಿಲ್‌ನಲ್ಲಿ ಬರ್ಬೆರಾದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಅನ್ವೇಷಕ ರಿಚರ್ಡ್ ಬರ್ಟನ್‌ನ ತಂಡದ ಮೇಲೆ ರಾತ್ರಿ ದಾಳಿಯಾಯಿತು, ಒಬ್ಬ ಅಧಿಕಾರಿ ಸತ್ತ. ಬ್ರಿಟಿಷರು ಇಡೀ ಹಬರ್ ಅವಲ್ ಅನ್ನೇ ಹೊಣೆ ಮಾಡಿ ಬಂದರಿಗೆ ದಿಗ್ಬಂಧನ ಹಾಕಿದರು. 1856ರಲ್ಲಿ ಒಪ್ಪಂದವಾಯಿತು. 1884-85ರಲ್ಲಿ ಈ ಕರಾವಳಿಯನ್ನು ರಕ್ಷಿತ ಪ್ರದೇಶ ಮಾಡಿಕೊಳ್ಳುವಾಗ 'ಇಸಾಕ್' ಎಂಬ ಹೆಸರಿನಲ್ಲಿ ಒಂದೇ ಒಪ್ಪಂದ ಮಾಡಿಕೊಳ್ಳಲಿಲ್ಲ. ಹಬರ್ ಅವಲ್ ಜೊತೆ ಬೇರೆ, ಗರ್‌ಹಜಿಸ್ ಜೊತೆ ಬೇರೆ, ಹೀಗೆ ಒಂದೊಂದು ಕೊಂಬೆಯ ಜೊತೆ ಒಂದೊಂದು. ಅವರಿಗೆ ಬೇಕಿದ್ದದ್ದು ಏಡನ್‌ನ ಪಾಳೆಯಕ್ಕೆ ಮಾಂಸ. ಏಡನ್ ಆಗ ಬೊಂಬಾಯಿ ಸರ್ಕಾರದ ಕೈಕೆಳಗಿತ್ತು. ಹಾಗಾಗಿ ಸೊಮಾಲಿ ಕರಾವಳಿಯ ಆಡಳಿತವೂ 1898ರವರೆಗೆ ಭಾರತದ ಲೆಕ್ಕದಲ್ಲೇ ನಡೆಯಿತು. ನಮ್ಮ ರೂಪಾಯಿ ಅಲ್ಲಿ ಅದಾದ ಮೇಲೂ ದಶಕಗಳ ಕಾಲ ಓಡಿತು.

1960ರ ಜೂನ್ 26ರಂದು ಬ್ರಿಟಿಷ್ ಸೊಮಾಲಿಲ್ಯಾಂಡ್ ಸ್ವತಂತ್ರವಾಯಿತು. ಜುಲೈ 1ಕ್ಕೆ ದಕ್ಷಿಣದ ಇಟಾಲಿಯನ್ ಭಾಗದೊಂದಿಗೆ ಸೇರಿ ಒಂದೇ ದೇಶವಾಯಿತು. ಹೊಸ ದೇಶದ ಓದಿದವರಿಗೆ ಕುಲ ಕೇಳುವುದು ನಾಚಿಕೆಯ ವಿಷಯ. ಕೇಳದೆ ಇರೋದಕ್ಕೂ ಆಗದು. ಅದಕ್ಕೆ ಇಂಗ್ಲಿಷಿನ 'ಎಕ್ಸ್' ಅನ್ನು ಎರವಲು ತಂದರು. ನಿನ್ನ 'ಎಕ್ಸ್' ಯಾವುದು ಎಂದು ಕೇಳಿದರೆ ಹಿಂದೆ ಯಾವ ಕುಲವಾಗಿತ್ತು ಎಂದರ್ಥ, ಈಗ ಅದೆಲ್ಲ ಇಲ್ಲ ಎಂಬ ನಾಟಕವೂ ಅದರಲ್ಲೇ ಸೇರಿತ್ತು. 1969ರಲ್ಲಿ ಸೇನಾಬಲದಿಂದ ಅಧಿಕಾರ ಹಿಡಿದ ಸಿಯಾದ್ ಬಾರೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ಕುಲಭೇದದ ಪ್ರತಿಕೃತಿ ಮಾಡಿಸಿ ಹೂಳಿಸಿದ. ಆದರೆ ಅವನ ಆಡಳಿತವನ್ನು ಜನ ಗುಟ್ಟಾಗಿ ಮೂರು ಅಕ್ಷರದಲ್ಲಿ ಹೇಳುತ್ತಿದ್ದರು: ಎಂ.ಓ.ಡಿ. ಮರೇಹಾನ್ ಅವನ ಅಪ್ಪನ ಕುಲ. ಒಗಾದೇನ್ ಅವನ ಅಮ್ಮನ ಕುಲ. ಡುಲ್‌ಬಹಾಂತೆ ಅಳಿಯನ ಕುಲ. ತೊಲ್ ಎನ್ನುವ ಅಪ್ಪನ ಕಡೆಯ ನಂಟು ಮಾತ್ರ ಸಾಲದು, ತಾಯಿಯ ಮತ್ತು ಮದುವೆಯ ನಂಟೂ ಬೇಕು ಎಂಬುದು ಕುಲವನ್ನು ಹೂತವನಿಗೇ ಚೆನ್ನಾಗಿ ಗೊತ್ತಿತ್ತು.

ಇಸಾಕ್ ಎಂಬ ದೂರದ ಹೆಸರು ಹತ್ತಿರಕ್ಕೆ ಬಂದದ್ದು ಇವನ ಕಾಲದಲ್ಲೇ. 1981ರಲ್ಲಿ ಲಂಡನ್‌ನಲ್ಲಿ ಇಸಾಕ್ ಮಂದಿಯೇ ಹೆಚ್ಚಾಗಿ ಸೇರಿ ಸೊಮಾಲಿ ನ್ಯಾಷನಲ್ ಮೂವ್‌ಮೆಂಟ್ ಕಟ್ಟಿದರು. 1988ರ ಮೇ ತಿಂಗಳಲ್ಲಿ ಅದರ ಪಡೆಗಳು ಬುರಾವೊ ಮತ್ತು ಹರ್ಗೇಸಾಕ್ಕೆ ನುಗ್ಗಿದವು. ಸರ್ಕಾರ ಊರುಗಳ ಮೇಲೇ ಬಾಂಬ್ ಹಾಕಿತು. ಹರ್ಗೇಸಾದ ವಿಮಾನ ನಿಲ್ದಾಣದಿಂದಲೇ ಏರಿದ ವಿಮಾನಗಳು ಹರ್ಗೇಸಾವನ್ನು ಸುಟ್ಟವು. ಸತ್ತವರ ಅಂದಾಜು 50,000ದಿಂದ 2 ಲಕ್ಷದವರೆಗೆ ಇದೆ. ಲಕ್ಷಾಂತರ ಜನ ಇಥಿಯೋಪಿಯಾಕ್ಕೆ ಓಡಿದರು. ನೀನು ಹಬರ್ ಅವಲೋ ಹಬರ್ ಜೇಲೊವೋ, ನಿನ್ನ ತಾಯಿ ಯಾರು ಎಂದು ಬಾಂಬ್ ಕೇಳಲಿಲ್ಲ. ಆಗ ಬಿದ್ದ ಒಂದು ಮಿಗ್ ವಿಮಾನ ಇವತ್ತು ಹರ್ಗೇಸಾದ ನಡುಊರಿನಲ್ಲಿ ಸ್ಮಾರಕವಾಗಿ ನಿಂತಿದೆ.

ಬಾರೆ ಎಂಬ ಶತ್ರು ಹೋದ ಮೇಲೆ ಕೊಂಬೆಗಳು ಮತ್ತೆ ಬೇರೆಯಾದವು. 1992ರ ಶುರುವಿನಲ್ಲಿ ಬುರಾವೊದಲ್ಲಿ ಹಬರ್ ಯೂನಿಸ್ ಮತ್ತು ಹಬರ್ ಜೇಲೊ ಹೊಡೆದಾಡಿದರು. ಎರಡು ತಾಯಂದಿರ ಮಕ್ಕಳು, ಸರಿ. ಆದರೆ ಅದೇ ವರ್ಷ ಬರ್ಬೆರಾದಲ್ಲಿ ಈಸಾ ಮೂಸಾದವರು ಎದುರು ನಿಂತದ್ದು ಹಬರ್ ಯೂನಿಸ್ ಬೆಂಬಲದ ಸೊಮಾಲಿಲ್ಯಾಂಡ್ ಸರ್ಕಾರದ ಪಡೆಗೆ. ಇವರಿಬ್ಬರೂ ಮಗಾದ್ಲೆ ಪಾಲಿನವರೇ. ಜಗಳ ಬಂದರಿನ ಆದಾಯದ್ದಾಗಿತ್ತು. ವಂಶವೃಕ್ಷ ನೋಡಿ ಯಾರು ಯಾರ ಜೊತೆ ನಿಲ್ಲುತ್ತಾರೆಂದು ಮೊದಲೇ ಹೇಳಬಹುದು ಎನ್ನುವವರ ಮಾತನ್ನು ಅದಕ್ಕೇ ನಾನು ಪೂರ್ತಿ ನಂಬುವುದಿಲ್ಲ.

ಜಗಳ ಬಿಡಿಸಿದ್ದು ಹಿರಿಯರು. 1993ರಲ್ಲಿ ಬೋರಮಾ ಪಟ್ಟಣದಲ್ಲಿ ತಿಂಗಳುಗಟ್ಟಲೆ ಸಭೆ ಕೂತರು. ಬೋರಮಾ ಇಸಾಕ್ ಊರಲ್ಲ, ದಿರ್ ಕುಲದ ಗದಬೂರ್ಸಿಯವರದ್ದು. ಮೂರನೆಯವರ ಅಂಗಳ ಇದ್ದದ್ದು ಒಳ್ಳೆಯದೇ ಆಯಿತು. ಗೂರ್ತಿ ಎಂಬ ಹಿರಿಯರ ಸಭೆಗೆ ಸಂಸತ್ತಿನಲ್ಲೇ ಜಾಗ ಸಿಕ್ಕಿತು, 82 ಸ್ಥಾನ, ಬಹುತೇಕ ಎಲ್ಲಾ ಗಂಡಸರದೇ. ಅಲ್ಲಿಂದೀಚೆಗೆ ಅಧಿಕಾರ ಕೊಂಬೆಯಿಂದ ಕೊಂಬೆಗೆ ಸಾಗುತ್ತಾ ಬಂದಿದೆ. ಮೊದಲ ಅಧ್ಯಕ್ಷ ಅಬ್ದಿರಹ್ಮಾನ್ ಅಹ್ಮದ್ ಅಲಿ ಹಬರ್ ಯೂನಿಸ್. ಬೋರಮಾದಲ್ಲಿ ಆಯ್ಕೆಯಾದ ಮೊಹಮದ್ ಇಬ್ರಾಹಿಂ ಇಗಾಲ್ ಈಸಾ ಮೂಸಾ. ಇಗಾಲ್ 2002ರಲ್ಲಿ ತೀರಿಕೊಂಡಾಗ ಬಂದ ದಾಹಿರ್ ರಿಯಾಲೆ ಗದಬೂರ್ಸಿ. 2010ರಲ್ಲಿ ಗೆದ್ದ ಅಹ್ಮದ್ ಮೊಹಮದ್ ಹಬರ್ ಜೇಲೊ. 2017ರ ಮೂಸೆ ಬಿಹಿ ಸಾದ್ ಮೂಸಾ. 2024ರ ನವೆಂಬರ್‌ನಲ್ಲಿ ಗೆದ್ದ ಅಬ್ದಿರಹ್ಮಾನ್ ಮೊಹಮದ್ ಅಬ್ದುಲ್ಲಾಹಿ ಮತ್ತೆ ಹಬರ್ ಯೂನಿಸ್.

ಮೊದಲನೆಯವನೂ ಅಬ್ದಿರಹ್ಮಾನ್, ಕೊನೆಯವನೂ ಅಬ್ದಿರಹ್ಮಾನ್. ಇಷ್ಟು ಹೆಸರು ನೆನಪಿಡುವ ಜನ ಗೊಂದಲ ಆಗದಂತೆ ಏನು ಮಾಡುತ್ತಾರೆ ಎಂದರೆ, ಅಡ್ಡಹೆಸರು ಇಡುತ್ತಾರೆ. ಅದನ್ನು ನಾನೈಸ್ ಎನ್ನುತ್ತಾರೆ. ಅಧ್ಯಕ್ಷನಾದರೂ ಬಿಡುವುದಿಲ್ಲ, ಅಧಿಕೃತ ಸುದ್ದಿಯಲ್ಲೂ ಬರುತ್ತದೆ. ಮೊದಲ ಅಬ್ದಿರಹ್ಮಾನ್ 'ತೂರ್', ಗೂನುಬೆನ್ನಿನವ. 2010ರ ಅಹ್ಮದ್ 'ಸಿಲಾನ್ಯೊ', ಹಲ್ಲಿ. ಈಗಿನವರು 'ಇರ್ರೊ', ನರೆಗೂದಲಿನವರು.